ಎಣ್ಣೆ ಬಂದಾಗ ಕಣ್ಣು ಮುಚ್ಚಿದವರು: ಥಾಣೆ ಖಾಡಿಯ ದಂಡೆಯ ಒಂದು ತೊಟ್ಟಿಯ ಚರಿತ್ರೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಲ್ಲಿ ಒಂದು ಕೈಲಿ ಹಿಡಿ ಹಿಡ್ಕೊಂಡು ಇನ್ನೊಂದು ಕೈಲಿ ಓದೋ ನಮ್ಮಂಥವರಿಗೆ, ಮಾತಾಡಿದ್ದನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ.

ಒಂದು ಪ್ರಶ್ನೆ. ಎಪಿಐ ಅಂದ್ರೆ ಏನು? ನಮ್ಮ ಪೈಕಿ ಯಾರನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಎರಡು ಸಾಫ್ಟ್‌ವೇರ್‌ಗಳು ಮಾತಾಡಿಕೊಳ್ಳೋ ಬಾಗಿಲು ಅಂತ ಹೇಳ್ತಾರೆ. ಆದ್ರೆ ನಾನು ಕೆಲಸ ಮಾಡೋ ಏರೋಲಿಯ ಆಸುಪಾಸಿನ ಕಾರ್ಖಾನೆಗಳಲ್ಲಿ ಐವತ್ತು ವರ್ಷದ ಹಿಂದೆ ಅದೇ ಪ್ರಶ್ನೆ ಕೇಳಿದ್ದಿದ್ರೆ ಉತ್ತರ ಬೇರೆ ಇರ್ತಿತ್ತು. ಎಪಿಐ ಅಂದ್ರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. ಎಪಿಐ ಸೆಪರೇಟರ್ ಅಂದ್ರೆ ಎಣ್ಣೆ ಬೆರೆತ ಕೊಳೆನೀರಿನಿಂದ ಎಣ್ಣೆಯನ್ನ ಬೇರೆ ಮಾಡೋ ಉದ್ದನೆಯ ಕಾಂಕ್ರೀಟ್ ತೊಟ್ಟಿ.

ಈ ಸಂಚಿಕೆ ಆ ತೊಟ್ಟಿಯ ಬಗ್ಗೆ. ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಥಾಣೆಯಲ್ಲಿ ಗಾಡಿ ಬದಲಿಸಿ ಏರೋಲಿಯಲ್ಲಿ ಆಫೀಸು ಅಂತ ಓಡಾಡೋ ನಮಗೆ ಕಿಟಕಿಯಾಚೆ ಕಾಣೋ ಈ ಇಡೀ ಪಟ್ಟಿಯ ಚರಿತ್ರೆಯನ್ನ ಅದರ ಮೂಲಕವೇ ಹೇಳಬಹುದು. ನನ್ನ ವಾದ ಇಷ್ಟೇ: ಎಣ್ಣೆ ಬೇರೆ ಮಾಡೋ ವಿದ್ಯೆ ಜಗತ್ತಿಗೆ ಸಿಕ್ಕಿ ತೊಂಬತ್ತು ವರ್ಷ ದಾಟಿತು. ಸಿಗದೆ ಉಳಿದಿರೋದು, ಆ ತೊಟ್ಟಿಯನ್ನ ದಿನಾ ನೋಡಿಕೊಳ್ಳೋಕೆ ಒಂದು ಗಟ್ಟಿ ಕಾರಣ.

ಎಣ್ಣೆ ಮತ್ತು ಸೀಗೆಕಾಯಿ

ಮೊದಲು ಸ್ವಲ್ಪ ವಿಜ್ಞಾನ. ಎಣ್ಣೆ ನೀರಿಗಿಂತ ಹಗುರ, ತೇಲುತ್ತೆ. ಅಷ್ಟಕ್ಕೆ ಇಂಜಿನಿಯರಿಂಗ್ ಯಾಕೆ ಬೇಕು? ಎಷ್ಟು ಬೇಗ ತೇಲುತ್ತೆ ಅನ್ನೋದು ಹನಿಯ ಗಾತ್ರದ ಮೇಲೆ ನಿಂತಿರೋದರಿಂದ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರದ ಪ್ರಕಾರ ಏರುವ ವೇಗ ಹನಿಯ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ಲೆಕ್ಕ ಹಾಕಿ ನೋಡಿದೆ. ನೀರಿನ 0.85ರಷ್ಟು ಸಾಂದ್ರತೆಯ ಎಣ್ಣೆ, 25 ಡಿಗ್ರಿ ನೀರು, 150 ಮೈಕ್ರಾನ್ ಹನಿ ಅಂತಿಟ್ಟುಕೊಂಡ್ರೆ ಅದು ಸೆಕೆಂಡಿಗೆ ಸುಮಾರು 2 ಮಿಲಿಮೀಟರ್ ಏರುತ್ತೆ. ಒಂದು ಮೀಟರ್ ಆಳದಿಂದ ಮೇಲೆ ಬರೋಕೆ 8 ನಿಮಿಷ. ಅದೇ ಹನಿ 15 ಮೈಕ್ರಾನ್ ಆದ್ರೆ? ವ್ಯಾಸ ಹತ್ತನೇ ಒಂದು ಭಾಗ, ವೇಗ ನೂರನೇ ಒಂದು ಭಾಗ. 8 ನಿಮಿಷದ ಕೆಲಸಕ್ಕೆ 13 ಗಂಟೆ.

ಅಂದ್ರೆ ಹನಿ ಒಡೀದಂತೆ ನೋಡಿಕೊಂಡ್ರೆ ಅರ್ಧ ಕೆಲಸ ಮುಗೀತು. ಹನಿ ಒಡೆಯೋದು ಎರಡು ಕಡೆ. ಒಂದು, ಜೋರಾಗಿ ತಿರುಗೋ ಸೆಂಟ್ರಿಫ್ಯೂಗಲ್ ಪಂಪು. ಅದು ಎಣ್ಣೆ-ನೀರನ್ನ ಮಜ್ಜಿಗೆ ಕಡೆದ ಹಾಗೆ ಕಡೆಯುತ್ತೆ. ಅದಕ್ಕೇ ತೊಟ್ಟಿಗೆ ನೀರು ಇಳಿಜಾರಲ್ಲೇ ಹರಿದು ಬರಲಿ, ಪಂಪು ಬೇಕೇ ಬೇಕಾದ್ರೆ ನಿಧಾನವಾಗಿ ತಳ್ಳೋ ಸ್ಕ್ರೂ ಪಂಪು ಇರಲಿ ಅಂತಾರೆ. ಎರಡನೇದು ಸೋಪು. ನಮ್ಮಲ್ಲಿ ಇಬ್ಬರಿಗೆ ಆಗಿಬರಲ್ಲ ಅಂದ್ರೆ ಎಣ್ಣೆ-ಸೀಗೆಕಾಯಿ ಸಂಬಂಧ ಅಂತೀವಲ್ಲ? ನಿಜವಾಗಿ ಸೀಗೆಕಾಯಿ ಮಾಡೋ ಕೆಲಸ ಎಣ್ಣೆಯನ್ನ ಸಣ್ಣ ಸಣ್ಣ ಹನಿ ಮಾಡಿ ನೀರಿನ ಜೊತೆ ಕಳಿಸಿಬಿಡೋದು. ತಲೆಗೆ ಅದು ಒಳ್ಳೇದು, ಈ ತೊಟ್ಟಿಗೆ ಶತ್ರು. ಕಾರ್ಖಾನೆಯ ನೆಲಕ್ಕೆ ಡಿಟರ್ಜೆಂಟ್ ಸುರಿದು ತೊಳೆದ ದಿನ ಎಣ್ಣೆ ಮೇಲೆ ಬರಲ್ಲ. ನೀರು ಹಾಲಿನ ಹಾಗೆ ಬೆಳ್ಳಗಾಗಿ ತೊಟ್ಟಿಯನ್ನ ದಾಟಿ ಹೋಗುತ್ತೆ.

ಫಿಲಡೆಲ್ಫಿಯಾದಿಂದ ಟ್ರಾಂಬೆಗೆ

ಮೊದಲ ಎಪಿಐ ಸೆಪರೇಟರ್ ಕೂತದ್ದು 1933ರಲ್ಲಿ, ಫಿಲಡೆಲ್ಫಿಯಾದ ಅಟ್ಲಾಂಟಿಕ್ ರಿಫೈನಿಂಗ್ ಕಂಪನಿಯ ರಿಫೈನರಿಯಲ್ಲಿ. ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಜೊತೆ ರೆಕ್ಸ್ ಚೈನ್ ಬೆಲ್ಟ್ ಅನ್ನೋ ಕಂಪನಿ ಸೇರಿ ಮಾಡಿದ್ದು. ಚೈನ್ ಬೆಲ್ಟ್ ಕಂಪನಿ ಯಾಕೆ ಅಂದ್ರೆ, ತೊಟ್ಟಿಯೊಳಗೆ ಒಂದು ಸರಪಳಿಗೆ ಹಲಗೆ ಕಟ್ಟಿ ತಿರುಗಿಸ್ತಾರೆ. ಆ ಹಲಗೆಗಳು ಮೇಲೆ ಹೋಗುವಾಗ ತೇಲಿದ ಎಣ್ಣೆಯನ್ನ ಒಂದು ಕಡೆಗೆ ತಳ್ತವೆ, ಕೆಳಗೆ ವಾಪಸ್ ಬರುವಾಗ ತಳದ ಕೆಸರನ್ನ ಗುಂಡಿಗೆ ಎಳೀತವೆ.

ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿಸಿ ಅಳತೆಗಳನ್ನ ಗಟ್ಟಿ ಮಾಡಿದರು. 150 ಮೈಕ್ರಾನ್‌ಗಿಂತ ದೊಡ್ಡ ಹನಿ ಸಿಗಬೇಕು. ನೀರು ನಿಮಿಷಕ್ಕೆ 3 ಅಡಿಗಿಂತ ಜೋರಾಗಿ ಹರೀಬಾರದು. ಆಳ 3ರಿಂದ 8 ಅಡಿ. ಇದಕ್ಕೂ ಮುಂಚೆ, 1904ರಲ್ಲೇ, ಆಲೆನ್ ಹೇಜನ್ ಅನ್ನೋ ಇಂಜಿನಿಯರ್ ತೋರಿಸಿಕೊಟ್ಟಿದ್ದ: ಇಂಥ ತೊಟ್ಟಿಯಲ್ಲಿ ಮುಖ್ಯವಾದದ್ದು ಆಳ ಅಲ್ಲ, ಮೇಲ್ಮೈ ವಿಸ್ತೀರ್ಣ. ಹಾಗಾದ್ರೆ ಜಾಗ ಇಲ್ಲದ ಕಡೆ ಏನು ಮಾಡೋದು? ಮುಂಬೈಯವರಿಗೆ ಉತ್ತರ ಗೊತ್ತು, ಮಹಡಿ ಮೇಲೆ ಮಹಡಿ ಕಟ್ಟೋದು. ಶೆಲ್ ಕಂಪನಿ ಬೆಳೆಸಿದ ಪ್ಲೇಟ್ ಸೆಪರೇಟರ್ ಮಾಡೋದೂ ಅದನ್ನೇ. ತೊಟ್ಟಿಯೊಳಗೆ ಓರೆಯಾಗಿ, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ತಗಡುಗಳನ್ನ ಒಂದರ ಮೇಲೊಂದು ಜೋಡಿಸ್ತಾರೆ. ಹನಿ ಒಂದು ಮೀಟರ್ ಏರಬೇಕಿಲ್ಲ, ಮೇಲಿನ ತಗಡು ಮುಟ್ಟಿದ್ರೆ ಸಾಕು. ಅಲ್ಲಿ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಜಾರಿಕೊಂಡು ಮೇಲೆ ಹೋಗ್ತವೆ.

ಸ್ವತಂತ್ರ ಭಾರತದ ದೊಡ್ಡ ರಿಫೈನರಿಗಳು ಶುರುವಾದದ್ದು ನಮ್ಮ ಖಾಡಿಯ ಪಶ್ಚಿಮ ದಂಡೆಯಲ್ಲೇ. ಟ್ರಾಂಬೆ-ಮಾಹುಲ್‌ನಲ್ಲಿ 1954ರಲ್ಲಿ ಸ್ಟ್ಯಾನ್‌ವ್ಯಾಕ್, 1955ರಲ್ಲಿ ಬರ್ಮಾ ಶೆಲ್. ಎಪ್ಪತ್ತರ ದಶಕದ ರಾಷ್ಟ್ರೀಕರಣದಲ್ಲಿ ಒಂದು ಎಚ್‌ಪಿಸಿಎಲ್ ಆಯ್ತು, ಇನ್ನೊಂದು ಬಿಪಿಸಿಎಲ್. ಇಲ್ಲಿ ಒಂದು ಮಾತು ಗಮನಿಸಿ. ರಿಫೈನರಿಗೆ ಈ ತೊಟ್ಟಿ ಅಂದ್ರೆ ಬರೀ ಖರ್ಚಲ್ಲ, ಆದಾಯವೂ ಹೌದು. ಮೇಲಿಂದ ತೆಗೆದ ಎಣ್ಣೆಗೆ ಸ್ಲಾಪ್ ಆಯಿಲ್ ಅಂತಾರೆ. ಅದನ್ನ ಮತ್ತೆ ಕಚ್ಚಾ ತೈಲದ ಜೊತೆ ಸೇರಿಸಿ ಪೆಟ್ರೋಲ್, ಡೀಸೆಲ್ ಮಾಡಬಹುದು. ತೆಗೆದಷ್ಟೂ ದುಡ್ಡು. ಹಾಗಾಗಿ ಯಾವ ಕಾನೂನು ಇಲ್ಲದಿದ್ದಾಗಲೂ ರಿಫೈನರಿಗೆ ಆ ತೊಟ್ಟಿಯನ್ನ ನೋಡಿಕೊಳ್ಳೋಕೆ ಒಂದು ಕಾರಣ ಇತ್ತು.

ಖಾಡಿಯ ಪೂರ್ವ ದಂಡೆ

1962ರ ಆಗಸ್ಟ್ 1ರಂದು ಎಂಐಡಿಸಿ ಹುಟ್ಟಿತು, ಥಾಣೆಯ ವಾಗಳೆ ಎಸ್ಟೇಟ್‌ನಲ್ಲಿ. ಅರವತ್ತರ ದಶಕದಲ್ಲೇ ಡೊಂಬಿವಲಿಯಲ್ಲಿ, ಥಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಕೈಗಾರಿಕಾ ಪ್ರದೇಶಗಳು ಎದ್ದವು. 1968ರಲ್ಲಿ ಮಫತ್‌ಲಾಲ್ ಸಮೂಹದ ನೋಸಿಲ್ ಕಂಪನಿಯ ನಾಫ್ತಾ ಕ್ರ್ಯಾಕರ್ ಶುರುವಾಯ್ತು. ಸುತ್ತ ರಾಸಾಯನಿಕ, ಬಣ್ಣ, ಔಷಧಿ, ಇಂಜಿನಿಯರಿಂಗ್ ಘಟಕಗಳು ಬಂದವು. ಕಲ್ಯಾಣದಲ್ಲಿ ರೈಲ್ವೆಯ ಲೋಕೊ ಶೆಡ್‌ಗಳಿದ್ದವು. ಊರೂರಲ್ಲಿ ಎಸ್‌ಟಿ ಡಿಪೋ, ಗ್ಯಾರೇಜು. ಎಣ್ಣೆ ನೀರು ಹುಟ್ಟೋ ಜಾಗ ಒಂದೆರಡಲ್ಲ.

ನೋಸಿಲ್ ಇದ್ದ ಘನ್ಸೋಲಿ ಭಾಗದಲ್ಲಿ ಇವತ್ತು ರಿಲಯನ್ಸ್ ಕಾರ್ಪೊರೇಟ್ ಪಾರ್ಕ್ ಇದೆ. ಏರೋಲಿಯ ಮೈಂಡ್‌ಸ್ಪೇಸ್ ಇರೋದು ಎಂಐಡಿಸಿಯ ಕಳ್ವಾ ಕೈಗಾರಿಕಾ ಪ್ರದೇಶದಲ್ಲಿ. ನಾವು ಲ್ಯಾಪ್‌ಟಾಪ್ ಬಿಚ್ಚಿ ಕೂರೋ ನೆಲಕ್ಕೆ ಕಾಗದದ ಮೇಲೆ ಇನ್ನೂ ಕಾರ್ಖಾನೆಯ ಹೆಸರೇ.

ಈಗ ವಾದದ ಮುಖ್ಯ ತಿರುವು. ಟ್ರಾಂಬೆಯ ರಿಫೈನರಿಗೆ ಎಣ್ಣೆ ಅಂದ್ರೆ ಸರಕು. ಡೊಂಬಿವಲಿಯ ಒಂದು ಸಣ್ಣ ಘಟಕಕ್ಕೆ ಅದು ಕಸ. ದಿನಕ್ಕೆ ಎರಡು ಬಕೆಟ್ ಕೊಳಕು ಎಣ್ಣೆ, ಅದರಲ್ಲಿ ಅರ್ಧ ನೀರು, ಕೊಳ್ಳೋರು ಯಾರು? ತೊಟ್ಟಿ ನೋಡಿಕೊಳ್ಳೋಕೆ ಇದ್ದ ದುಡ್ಡಿನ ಕಾರಣ ಇಲ್ಲಿ ಬಿದ್ದುಹೋಯ್ತು. ಆ ಜಾಗಕ್ಕೆ ಕಾನೂನು ಬರಬೇಕಾಯ್ತು.

ಕಾನೂನೇನೋ ಬೇಗ ಬಂತು. ಕೇಂದ್ರದ ಜಲ ಕಾಯ್ದೆ 1974ರದ್ದು. ಮಹಾರಾಷ್ಟ್ರ ಅದಕ್ಕೂ ಐದು ವರ್ಷ ಮುಂಚೆ, 1969ರಲ್ಲೇ, ತನ್ನದೇ ಕಾಯ್ದೆ ಮಾಡಿ 1970ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪಿಸಿತ್ತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದ ಮಾನದಂಡದ ಪ್ರಕಾರ ನದಿ-ಕೆರೆಗೆ ಬಿಡೋ ನೀರಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು, ಸಾರ್ವಜನಿಕ ಚರಂಡಿಗಾದ್ರೆ 20. ರಿಫೈನರಿಗಳಿಗೆ 2008ರಲ್ಲಿ ಅದನ್ನ 5ಕ್ಕೆ ಇಳಿಸಿದರು.

10 ಮಿಲಿಗ್ರಾಂ ಅಂದ್ರೆ ಎಷ್ಟು? ಒಂದೇ ಒಂದು ಕಿಲೋ ಎಣ್ಣೆ ಒಂದು ಲಕ್ಷ ಲೀಟರ್ ನೀರನ್ನ ಆ ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತೆ. ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್! ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ತರಿಸಿದವರಿಗೆ ಅದರ ಬೆಲೆ ಗೊತ್ತು. ಎಪಿಐ ತೊಟ್ಟಿಯೊಂದರಿಂದಲೇ ಈ ಮಿತಿ ಮುಟ್ಟೋಕೆ ಆಗಲ್ಲ ಅನ್ನೋದೂ ತಿಳಿದಿರಲಿ. ಅದರಿಂದ ಹೊರಬರೋ ನೀರಲ್ಲಿ 50–100 ಮಿಲಿಗ್ರಾಂ ಎಣ್ಣೆ ಉಳಿದಿರೋದು ಮಾಮೂಲು. ಆಮೇಲೆ ಸಣ್ಣ ಗಾಳಿಗುಳ್ಳೆ ಬಿಟ್ಟು ಉಳಿದ ಹನಿಗಳನ್ನ ಮೇಲೆತ್ತಬೇಕು, ಆಮೇಲೆ ಬ್ಯಾಕ್ಟೀರಿಯಾಗಳಿಗೆ ಬಿಡಬೇಕು. ಮೊದಲ ತೊಟ್ಟಿ ಸೋತ್ರೆ ಹಿಂದಿನ ಎಲ್ಲವೂ ಸೋಲ್ತವೆ. ಎಣ್ಣೆ ಮೆತ್ತಿಕೊಂಡ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ಸಿಗಲ್ಲ.

ಸಣ್ಣ ಘಟಕಗಳಿಗೆ ಅಂತಲೇ ಖೈರಣೆಯಲ್ಲಿ, ಡೊಂಬಿವಲಿಯಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಗಳು, ಅಂದ್ರೆ ಸಿಇಟಿಪಿಗಳು ಬಂದವು. ಒಳ್ಳೇ ವ್ಯವಸ್ಥೆ. ಆದ್ರೆ ಅದು ನಡೆಯೋದು ಪ್ರತಿ ಸದಸ್ಯ ತನ್ನ ಎಣ್ಣೆಯನ್ನ ತನ್ನ ಗೇಟಿನೊಳಗೇ ತೆಗೆದಾಗ. ಇಷ್ಟೆಲ್ಲ ಇದ್ದೂ 2009ರಲ್ಲಿ ಕೇಂದ್ರ ಮಂಡಳಿ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಡೊಂಬಿವಲಿಗೆ 78.41, ನವಿ ಮುಂಬೈಗೆ 73.77. 70 ದಾಟಿದ್ರೆ ಗಂಭೀರ. ಊರಿನ ಕಡೆಯವರು ಬೀಗಬೇಡಿ, ಅದೇ ಪಟ್ಟಿಯಲ್ಲಿ ಮಂಗಳೂರಿಗೆ 73.68 ಇತ್ತು. ಈ ಅಂಕ ಬರೀ ಎಣ್ಣೆಯದ್ದಲ್ಲ, ಗಾಳಿ, ನೀರು, ನೆಲ ಎಲ್ಲ ಸೇರಿ. ಆದ್ರೂ ಕಾನೂನು ಇದ್ದ ಮಾತ್ರಕ್ಕೆ ಕೆಲಸ ಆಗಲ್ಲ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಡ.

ತೊಟ್ಟಿ ನೋಡಿಕೊಳ್ಳೋದು ಅಂದ್ರೆ

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಬರೆಯೋದು ಒಂದು ಸಲ, ಪ್ರೊಡಕ್ಷನ್ ದಿನಾ. ಈ ತೊಟ್ಟಿಯ ಪ್ರೊಡಕ್ಷನ್ ಹೇಗಿರುತ್ತೆ ನೋಡಿ.

ತೊಟ್ಟಿಯ ಕೊನೆಯಲ್ಲಿ ಬ್ಯಾಫಲ್ ಅನ್ನೋ ಅಡ್ಡ ತಡೆ ಇರುತ್ತೆ. ಎಣ್ಣೆ ಅದರ ಹಿಂದೆ ನಿಲ್ಲುತ್ತೆ, ನೀರು ಅಡಿಯಿಂದ ನುಸುಳಿ ಮುಂದೆ ಹೋಗುತ್ತೆ. ಹಿಂದೆ ಒಂದು ಸೀಳಿದ ಪೈಪು ಅಡ್ಡ ಮಲಗಿರುತ್ತೆ. ಅದನ್ನ ತಿರುಗಿಸಿ ಸೀಳಿನ ಅಂಚು ಎಣ್ಣೆಯ ಪದರಕ್ಕೆ ತಾಗೋ ಹಾಗೆ ಹಿಡಿದ್ರೆ ಎಣ್ಣೆ ಪೈಪಿನೊಳಗೆ ಇಳಿಯುತ್ತೆ. ಜಾಸ್ತಿ ತಿರುಗಿಸಿದ್ರೆ ಬರೀ ನೀರು ಬರುತ್ತೆ. ತಿರುಗಿಸೋದೇ ಮರೆತ್ರೆ ಪದರ ದಪ್ಪವಾಗ್ತಾ ಹೋಗಿ ಒಂದು ದಿನ ಬ್ಯಾಫಲ್ ಅಡಿಯಿಂದ ಎಣ್ಣೆಯೇ ನುಸುಳುತ್ತೆ. ಹೊರಗಿಂದ ನೋಡೋರಿಗೆ ತೊಟ್ಟಿ ನಿನ್ನೆ ಇದ್ದ ಹಾಗೇ ಇರುತ್ತೆ.

ಪದರ ಎಷ್ಟು ದಪ್ಪ ಅಂತ ತಿಳಿಯೋಕೆ ಪೆಟ್ರೋಲ್ ಬಂಕಿನ ಉಪಾಯವೇ ಸಾಕು. ಕೋಲಿಗೆ ವಾಟರ್ ಫೈಂಡಿಂಗ್ ಪೇಸ್ಟ್ ಸವರಿ ಇಳಿಸಿದ್ರೆ ನೀರು ತಾಗಿದ ಕಡೆ ಬಣ್ಣ ಬದಲಾಗುತ್ತೆ. ಬದಲಾಗದೆ ಒದ್ದೆಯಾದಷ್ಟು ಎಣ್ಣೆ. ತಳದ ಕೆಸರನ್ನೂ ಅಳೀಬೇಕು. ಕೆಸರು ತುಂಬಿದಷ್ಟೂ ನೀರಿಗೆ ಜಾಗ ಕಮ್ಮಿ, ಜಾಗ ಕಮ್ಮಿಯಾದಷ್ಟೂ ಹರಿವು ಜೋರು, ಹನಿಗೆ ಏರೋಕೆ ಪುರುಸೊತ್ತಿಲ್ಲ. ಪ್ಲೇಟ್ ಇರೋ ತೊಟ್ಟಿಯಾದ್ರೆ ತಗಡುಗಳ ನಡುವೆ ಪಾಚಿ, ಹೂಳು ಕಟ್ಟುತ್ತೆ. ಬಿಡಿಸಿ ಪೈಪಿನಲ್ಲಿ ನೀರು ಹೊಡೆದು ತೊಳೀಬೇಕು.

ಸ್ಯಾಂಪಲ್ ತೆಗೆಯೋದರಲ್ಲೂ ಒಂದು ಸೂಕ್ಷ್ಮ ಇದೆ. ಎಣ್ಣೆ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತೆ. ಅದಕ್ಕೇ ಗಾಜಿನ ಬಾಟಲಿ ಬೇಕು, ಅದೇ ನೀರಲ್ಲಿ ಮೊದಲು ಗಲಬರಿಸಬಾರದು, ಲ್ಯಾಬಿಗೆ ಹೋಗೋವರೆಗೆ ಕೆಡದಂತೆ ಆಮ್ಲ ಹಾಕಬೇಕು. ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಕಳಿಸಿದ್ರೆ ಎಣ್ಣೆಯಲ್ಲಿ ಒಂದಷ್ಟು ಕ್ಯಾನಿಗೇ ಅಂಟಿ, ರಿಪೋರ್ಟ್ ಇರೋದಕ್ಕಿಂತ ಚೆನ್ನಾಗಿ ಬರುತ್ತೆ. ಕೊನೆಗೆ, ತೆಗೆದ ಎಣ್ಣೆ. 2016ರ ನಿಯಮಗಳಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಡ್ರಮ್ಮಿಗೆ ತುಂಬಿ, ಲೆಕ್ಕ ಬರೆದು, ಪರವಾನಗಿ ಇದ್ದವರಿಗೇ ಕೊಡಬೇಕು. ಈ ಭಾಗದ ತ್ಯಾಜ್ಯಕ್ಕೆ ತಳೋಜಾದಲ್ಲಿ, ಮಹಾಪೆಯಲ್ಲಿ ಘಟಕಗಳಿವೆ.

ಇದರಲ್ಲಿ ಒಂದೂ ಕಷ್ಟದ ವಿದ್ಯೆಯಲ್ಲ. ದಿನಾ ಒಬ್ಬರು ಬಂದು ನೋಡಬೇಕು, ಅಷ್ಟೇ. ಸಿಗೋ ಅವಕಾಶ ಕೈಬಿಟ್ಟವರಿಗೆ ನಮ್ಮಲ್ಲಿ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ್ರು ಅಂತಾರೆ. ಈ ತೊಟ್ಟಿಯ ಮುಂದೆ ಆ ಗಾದೆ ಅಕ್ಷರಶಃ ನಿಜ.

ಮಳೆಗಾಲ ಅನ್ನೋ ಪರೀಕ್ಷೆ

ಫಿಲಡೆಲ್ಫಿಯಾಕ್ಕೆ ಇಲ್ಲದ ಒಂದು ಕಷ್ಟ ಕೊಂಕಣಕ್ಕಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಬಿತ್ತು. ಅಂಥ ದಿನ ಬಿಡಿ, ಜೂನ್ ತಿಂಗಳ ಮೊದಲ ಜೋರು ಮಳೆಯೇ ಸಾಕು. ಎಂಟು ತಿಂಗಳು ಅಂಗಳದಲ್ಲಿ ಸೋರಿದ ಎಣ್ಣೆಯನ್ನೆಲ್ಲ ಒಂದೇ ಗಂಟೆಯಲ್ಲಿ ತೊಳೆದು ತರುತ್ತೆ. ನಿಮಿಷಕ್ಕೆ 3 ಅಡಿ ಹರಿಯಬೇಕಾದ ತೊಟ್ಟಿ ತುಂಬಿ ಹರಿದ್ರೆ, ಹಿಡಿದಿಟ್ಟಿದ್ದ ಹಳೇ ಎಣ್ಣೆಯನ್ನೂ ಎತ್ತಿಕೊಂಡು ಹೋಗುತ್ತೆ. ಅದಕ್ಕೇ ಮೇ ತಿಂಗಳಲ್ಲೇ ತೊಟ್ಟಿ ಖಾಲಿ ಮಾಡಿ ತೊಳೀಬೇಕು, ಚಾವಣಿಯ ಮಳೆನೀರನ್ನ ಬೇರೆ ಚರಂಡಿಗೆ ತಿರುಗಿಸಬೇಕು, ಮೊದಲ ಮಳೆಯ ನೀರನ್ನ ಮಾತ್ರ ತೊಟ್ಟಿಗೆ ಬಿಟ್ಟು ಆಮೇಲಿನದನ್ನ ಹೊರಗೆ ಕಳಿಸಬೇಕು.

ಮಳೆನೀರಿನ ಚರಂಡಿಗೆ ಎಣ್ಣೆ ಸೇರಿದ್ರೆ ಏನಾಗುತ್ತೆ ಅಂತ ನವಿ ಮುಂಬೈ ಪಕ್ಕದ ಉರಣ್ ನೋಡಿದೆ. 2019ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಒಎನ್‌ಜಿಸಿಯ ಘಟಕದಲ್ಲಿ ಬೆಂಕಿ ಬಿತ್ತು. ಕಂಪನಿಯೇ ಹೇಳಿದ ಪ್ರಕಾರ ಅದು ಹೊತ್ತಿದ್ದು ಮಳೆನೀರಿನ ಚರಂಡಿಯಲ್ಲಿ. ನಾಲ್ಕು ಜನ ಸತ್ತರು, ಅವರಲ್ಲಿ ಮೂವರು ಬೆಂಕಿ ಆರಿಸೋಕೆ ಹೋದ ಸಿಐಎಸ್‌ಎಫ್ ಸಿಬ್ಬಂದಿ. ಮೆಕ್ಸಿಕೊದ ಗ್ವಾದಲಹಾರಾದಲ್ಲಿ 1992ರ ಏಪ್ರಿಲ್ 22ರಂದು ಪೈಪ್‌ಲೈನಿನಿಂದ ಸೋರಿದ ಪೆಟ್ರೋಲ್ ಊರಿನ ಒಳಚರಂಡಿ ಸೇರಿ ಬೀದಿ ಬೀದಿಗಳೇ ಸಿಡಿದು 200ಕ್ಕೂ ಹೆಚ್ಚು ಜನ ಸತ್ತಿದ್ದರು. ಚರಂಡಿ ಕಣ್ಣಿಗೆ ಕಾಣಲ್ಲ. ಎಣ್ಣೆಯ ಆವಿ ಅದರೊಳಗೆ ಎಷ್ಟು ದೂರ ಬೇಕಾದ್ರೂ ನಡೆದು ಹೋಗುತ್ತೆ.

ಶೆಟ್ರ ಹೋಟೆಲ್ಲಿನ ಪೆಟ್ಟಿಗೆ

ಕಾರ್ಖಾನೆ ಬಿಟ್ಟು ನಮ್ಮವರ ಕಡೆ ಬರೋಣ. ಮುಂಬೈಗೆ ಕನ್ನಡಿಗರು ಬಂದದ್ದು ನಮ್ಮ ಹಾಗೆ ಲ್ಯಾಪ್‌ಟಾಪ್ ಹಿಡ್ಕೊಂಡಲ್ಲ, ಸೌಟು ಹಿಡ್ಕೊಂಡು. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಥಾಣೆಯಿಂದ ಕಲ್ಯಾಣದವರೆಗೆ ಪ್ರತಿ ಸ್ಟೇಷನ್ ಹೊರಗೆ ಕರಾವಳಿಯವರ ಹೋಟೆಲ್ ಇದೆ. ಅಡುಗೆಮನೆಯ ತೊಳೆಯೋ ಕಟ್ಟೆಯ ಕೆಳಗೆ ಇರೋ ಗ್ರೀಸ್ ಟ್ರ್ಯಾಪ್ ಅನ್ನೋ ಪೆಟ್ಟಿಗೆ ಆ ಎಪಿಐ ತೊಟ್ಟಿಯ ತಮ್ಮನೇ. ಅದೇ ಬ್ಯಾಫಲ್, ಅದೇ ಸೂತ್ರ. ಸಾಂಬಾರಿನ ಒಗ್ಗರಣೆ, ವಡೆಯ ಎಣ್ಣೆ, ತುಪ್ಪ ಎಲ್ಲ ಅಲ್ಲಿ ತೇಲಿ ನಿಲ್ಲಬೇಕು. ಮೇಲಿನ ಜಿಡ್ಡು, ಕೆಳಗಿನ ಅಗಳು ಎರಡೂ ಸೇರಿ ಆಳದ ಕಾಲು ಭಾಗ ಆಯ್ತು ಅಂದ್ರೆ ಖಾಲಿ ಮಾಡಬೇಕು ಅನ್ನೋದು ಎಲ್ಲ ಕಡೆ ನಡೆಯೋ ಲೆಕ್ಕ. ಬಿಸಿನೀರು ಹೊಯ್ದು ಕರಗಿಸಿದ್ರೆ ಪೆಟ್ಟಿಗೆ ಸ್ವಚ್ಛ ಕಾಣುತ್ತೆ, ಜಿಡ್ಡು ರಸ್ತೆಯ ಗಟಾರದಲ್ಲಿ ತಣ್ಣಗಾಗಿ ಕಲ್ಲಾಗುತ್ತೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕ ಅಂಥ ಗಡ್ಡೆ 250 ಮೀಟರ್ ಉದ್ದ, 130 ಟನ್ ಇತ್ತು.

ಇಲ್ಲಿ ಒಂದು ಒಳ್ಳೇ ಬದಲಾವಣೆ ಆಗಿದೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕರಿದ ಎಣ್ಣೆಯನ್ನ ಸಂಗ್ರಹಿಸಿ ಬಯೋಡೀಸೆಲ್‌ಗೆ ಕೊಡಿಸೋ ಯೋಜನೆ ತಂತು. ಬಾಣಲೆಯಲ್ಲಿ ಉಳಿದ ಎಣ್ಣೆಗೆ ಬೆಲೆ ಬಂದ ಮೇಲೆ ಅದು ಮೋರಿಗೆ ಹೋಗೋದು ಯಾರಿಗೂ ಲಾಭ ಅಲ್ಲ. ನೋಡಿ, ಟ್ರಾಂಬೆಯ ರಿಫೈನರಿಗೆ ಇದ್ದ ಹಳೇ ಕಾರಣ ತಿರುಗಿ ಬಂತು.

ತೊಟ್ಟಿಗೆ ಇಳಿಯೋರು

ಇದೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ. ದಿನಾ ತೆಗೆಯದ ಕೆಸರನ್ನ ಕೊನೆಗೆ ಒಬ್ಬ ಮನುಷ್ಯ ಇಳಿದು ತೆಗೀಬೇಕಾಗುತ್ತೆ. ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್, ಎಣ್ಣೆಯಿಂದ ಆವಿ, ಆಮ್ಲಜನಕ ಕಮ್ಮಿ. 2018ರ ನವೆಂಬರ್ 1ರಂದು ಕಲ್ಯಾಣ ಪೂರ್ವದಲ್ಲಿ ಒಂದು ಬಾವಿ ಸ್ವಚ್ಛ ಮಾಡೋಕೆ ಇಳಿದ ಒಬ್ಬರು ಮೇಲೆ ಬರಲಿಲ್ಲ. ಅವರನ್ನ ಎತ್ತೋಕೆ ಹೋದವರು, ಆಮೇಲೆ ಅಗ್ನಿಶಾಮಕ ದಳದ ಇಬ್ಬರು, ಒಟ್ಟು ಐದು ಜನ ಉಸಿರುಗಟ್ಟಿ ಸತ್ತರು. ಅದು ಎಣ್ಣೆಯ ತೊಟ್ಟಿಯಲ್ಲ, ಬಾವಿ. ಆದ್ರೆ ಸಾಯೋ ರೀತಿ ಅದೇ: ಒಬ್ಬರ ಹಿಂದೆ ಒಬ್ಬರು, ಕಾಪಾಡೋಕೆ ಅಂತಲೇ.

ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿಗೆ 10 ಲಕ್ಷ ಪರಿಹಾರ ಅಂತ ಹೇಳಿತು. 2023ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದನ್ನ 30 ಲಕ್ಷ ಮಾಡಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಅನ್ನೋದರ ಲೆಕ್ಕ.

ಹಾಗಾದ್ರೆ ನಾವೇನು ಮಾಡೋದು? ನೀವು ಪಲಾವಾದಲ್ಲಿರಿ, ವೈಟ್‌ಫೀಲ್ಡ್‌ನಲ್ಲಿರಿ, ದೊಡ್ಡ ಸೊಸೈಟಿಯಾದ್ರೆ ಕೆಳಗೆ ಎಸ್‌ಟಿಪಿ ಇರುತ್ತೆ, ಅದರ ಬಾಯಲ್ಲೇ ಒಂದು ಎಣ್ಣೆ-ಜಿಡ್ಡಿನ ಕೋಣೆ ಇರುತ್ತೆ. ಮುಂದಿನ ಮೀಟಿಂಗಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ಆ ಕೋಣೆಯ ಜಿಡ್ಡು ಕೊನೆಯ ಸಲ ಯಾವತ್ತು ತೆಗೆದ್ರು? ತೆಗೆದದ್ದು ಎಲ್ಲಿಗೆ ಹೋಯ್ತು? ತೆಗೆಯೋಕೆ ಮನುಷ್ಯ ಒಳಗೆ ಇಳಿದ್ನಾ, ಮೇಲಿಂದ ಪಂಪ್ ಹಾಕಿ ಎಳೆದ್ರಾ? ಮೂರನೇ ಪ್ರಶ್ನೆಗೆ ತಡವರಿಸಿದ್ರೆ ಅಲ್ಲೇ ನಿಲ್ಲಿಸಿ, ಗ್ಯಾಸ್ ಮೀಟರ್, ಬ್ಲೋವರ್, ಹಗ್ಗ, ಮೇಲೆ ಕಾವಲಿಗೆ ಒಬ್ಬರು, ಇಷ್ಟು ಇಲ್ಲದೆ ಯಾರೂ ಇಳಿಯಲ್ಲ ಅಂತ ಬರೆಸಿಕೊಳ್ಳಿ.

ಥಾಣೆ ಖಾಡಿ ಈಗ ಫ್ಲೆಮಿಂಗೊಗಳ ಅಭಯಾರಣ್ಯ, 2022ರಿಂದ ರಾಮ್ಸಾರ್ ತಾಣ. ಎರಡೂ ದಂಡೆಯ ಚರಂಡಿ ಹೋಗಿ ಸೇರೋದೂ ಅಲ್ಲಿಗೇ. ಮುಂದಿನ ಸಂಚಿಕೆಯಲ್ಲಿ ಅಂಬರ್‌ನಾಥದ ಬೆಟ್ಟದಿಂದ ಕಲ್ಯಾಣಕ್ಕೆ ಹರಿದು ಬರೋ ವಾಲ್ಧುನಿ ನದಿಯ ಕಥೆ ಹೇಳ್ತೀನಿ. ಅಲ್ಲಿವರೆಗೆ ನಮಸ್ಕಾರ.